ಚೀಟಿ ಕೇಳ್ರಿ, ಫಲಿತಾಂಶ ಕೇಳಬ್ಯಾಡ್ರಿ

ಕಲಬುರಗಿ, ಕಮಲಾಪುರ ಸುತ್ತಮುತ್ತ ಹೆಣ್ಣು ನೋಡಲು ಹೊರಡುವ, ಗಂಡು ಗೊತ್ತು ಮಾಡುವ, ಸಾಮೂಹಿಕ ಮದುವೆಗೆ ಚಪ್ಪರ ಹಾಕಿಸುವ ಎಲ್ಲ ಹಿರಿಯರಿಗೆ,

ಶರಣು. ಸಲಾಂ. ಜೈ ಭೀಮ್. ಜೈ ಸೇವಾಲಾಲ್. ನಿಮ್ಮದು ಯಾವುದೋ ಅದನ್ನು ತಗೊಳ್ರಿ. ಈ ಪತ್ರದ ವಿಷಯಕ್ಕೆ ಜಾತಿ-ಮತದ ಹಂಗು ಕಡಿಮೆ.

ಶರಣಬಸವೇಶ್ವರ ಜಾತ್ರೆ ಮುಗಿದು ಬಿಸಿಲು ಏರಿತೆಂದರೆ ನಿಮಗೆ ಪುರುಸೊತ್ತು ಸಿಗುವುದಿಲ್ಲ. ಇವತ್ತು ಮಹಾಗಾಂವದಲ್ಲಿ ಹೆಣ್ಣು ನೋಡುವುದು, ನಾಳೆ ಹುಮನಾಬಾದ್ ರಸ್ತೆಯಲ್ಲಿ ನಿಶ್ಚಯ, ನಾಡಿದ್ದು ಸೇಡಂ ರಸ್ತೆಯಲ್ಲಿ ಅಕ್ಷತೆ. ಅದಕ್ಕೇ ಹಂಗಾಮಿಗೆ ಮೊದಲೇ ಬರೆಯುತ್ತಿದ್ದೇನೆ. ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ನಿಮ್ಮಂಥದೇ ಎಷ್ಟೋ ಮಾತುಕತೆಗಳಲ್ಲಿ ಮೂಲೆಯಲ್ಲಿ ಕೂತು ಚಹಾ ಕುಡಿದವನೂ ಹೌದು.

‘ಡಿಸೈನರ್ ಬೇಬಿ’ ಎಂಬ ಮಾತು ಪತ್ರಿಕೆಗಳಲ್ಲಿ ಓದಿರುತ್ತೀರಿ. ಬೇಕಾದ ಬಣ್ಣ, ಬೇಕಾದ ಎತ್ತರ, ಬೇಕಾದ ಬುದ್ಧಿಯ ಮಗುವನ್ನು ಪ್ರಯೋಗಾಲಯದಲ್ಲೇ ರೂಪಿಸುವ ಕಾಲ ಬಂತೆಂದು ಕೆಲವರಿಗೆ ಗಾಬರಿ, ಕೆಲವರಿಗೆ ಆಸೆ. ಆ ಕೆಲಸ ನಮ್ಮ ಪಡಸಾಲೆಗಳಲ್ಲಿ ಎಂದೋ ಶುರುವಾಗಿದೆ. “ಹುಡುಗಿ ಬೆಳ್ಳಗ ಅದಾಳ, ಮಕ್ಕಳೂ ಬೆಳ್ಳಗ ಆಗ್ತಾವ.” “ಹುಡುಗ ಗಿಡ್ಡ ಅದಾನ, ಬ್ಯಾಡ.” “ಅವರ ಮನಿತನದಾಗ ಯಾರಿಗೋ ಮೂರ್ಛೆ ಇತ್ತಂತ, ಮಾತು ಮುಂದುವರಿಸಬ್ಯಾಡ್ರಿ.” ಇವೆಲ್ಲ ಇನ್ನೂ ಹುಟ್ಟದ ಮಗುವಿನ ಬಗ್ಗೆ ನೀವು ಬರೆಯುವ ತೀರ್ಪುಗಳೇ. ಈ ಪತ್ರ ವೈದ್ಯರಿಗಲ್ಲದೆ ನಿಮಗೆ ಬರುತ್ತಿರುವುದು ಅದಕ್ಕೇ. ವಂಶವಾಹಿ ಪರೀಕ್ಷೆ ಇಂದಲ್ಲ ನಾಳೆ ನಿಮ್ಮ ಚಾಪೆಯ ಮೇಲೂ ಬಂದು ಕೂರುತ್ತದೆ. ಬಂದಾಗ ಅದು ಯಾರ ಕೈಗೆ ಹೋಗಬೇಕು ಎಂಬುದಷ್ಟೇ ನನ್ನ ಮಾತು.

ಮೊದಲು ಒಳಸಂಬಂಧದ ವಿಚಾರ. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು, ಮುಸ್ಲಿಂ ಮನೆಗಳಲ್ಲಾದರೆ ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳ ನಡುವೆಯೂ ನಿಕಾಹ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆ ರಕ್ತಸಂಬಂಧದೊಳಗಿನದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಜೊತೆಗಾರರು ಒಂದು ಲಕ್ಷಕ್ಕೂ ಮೀರಿದ ದಾಂಪತ್ಯಗಳನ್ನು ಲೆಕ್ಕ ಹಾಕಿದಾಗ ಸುಮಾರು ಮೂರರಲ್ಲಿ ಒಂದು ಹೀಗಿತ್ತು. ಹಳ್ಳಿಯ ಅಜ್ಞಾನ ಎಂದು ಪಟ್ಟಣದವರು ಮೂಗು ಮುರಿಯುತ್ತಾರಲ್ಲ, ಆ ಲೆಕ್ಕ ಪಟ್ಟಣಗಳದ್ದೇ.

ಈ ಪದ್ಧತಿಗೆ ಕಾರಣ ಇಲ್ಲದಿಲ್ಲ. ಮಗಳು ಕಣ್ಣೆದುರಿಗೆ ಇರುತ್ತಾಳೆ, ಹೊಲ ಒಡೆಯುವುದಿಲ್ಲ, ಅತ್ತೆ ಅಂದರೆ ಅಜ್ಜಿಯೇ, ವರದಕ್ಷಿಣೆಯ ಜಗ್ಗಾಟ ಕಡಿಮೆ. ಡಾಕ್ಟರು ಬೈದರೆ ನೀವು ಕೇಳುವ ಪ್ರಶ್ನೆಯೂ ಸುಳ್ಳಲ್ಲ: “ನಮ್ಮ ಅವ್ವನೂ ಸೋದರಮಾವನ್ನ ಮಾಡಿಕೊಂಡಾಕಿ, ನಮಗೇನಾಗ್ಯಾದ್ರಿ?” ಏನೂ ಆಗಿರಲಿಕ್ಕಿಲ್ಲ. ಸಂಬಂಧವಿಲ್ಲದ ದಂಪತಿಗೆ ಹುಟ್ಟುವ ನೂರು ಮಕ್ಕಳಲ್ಲಿ ಎರಡು-ಮೂರಕ್ಕೆ ಗಂಭೀರ ಹುಟ್ಟುತೊಂದರೆ ಇರುತ್ತದೆ. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಅದಕ್ಕೆ ಇನ್ನೆರಡು ಸೇರಬಹುದು. ಸೋದರಮಾವ-ಸೊಸೆಯಾದರೆ ಇಬ್ಬರೂ ಹಂಚಿಕೊಂಡ ರಕ್ತದ ಪಾಲು ಅದರ ಎರಡರಷ್ಟು, ಅಪಾಯವೂ ಹೆಚ್ಚು. ಆದರೂ ನೂರಕ್ಕೆ ತೊಂಬತ್ತಕ್ಕೂ ಮೀರಿ ಮಕ್ಕಳು ನೆಟ್ಟಗೇ ಹುಟ್ಟುತ್ತಾರೆ. “ಒಳಗ ಮಾಡಿದರ ಕುರುಡು-ಕುಂಟ ಹುಟ್ಟತಾವ” ಎಂದು ಹೆದರಿಸುವ ಭಾಷಣ ನಿಮ್ಮ ಮುಂದೆ ಸೋಲುವುದು ಅದಕ್ಕೇ. ನಿಮ್ಮ ಮನೆಯ ತುಂಬ ಅದಕ್ಕೆ ವಿರುದ್ಧದ ಸಾಕ್ಷಿಗಳು ಓಡಾಡುತ್ತಿರುತ್ತವೆ.

ಆದರೆ ಆ ಹೆಚ್ಚುವರಿ ಇಬ್ಬರು ಬರುವ ಮನೆಗೆ ನೂರರ ಲೆಕ್ಕ ಇರುವುದಿಲ್ಲ. ನಮ್ಮೆಲ್ಲರ ವಂಶವಾಹಿಗಳಲ್ಲೂ ಕೆಲವು ಕೆಟ್ಟವು ಇರುತ್ತವೆ. ಜೋಡಿಯಲ್ಲಿ ಇನ್ನೊಂದು ಸರಿಯಿರುವತನಕ ಅವು ಬಾಯಿ ಬಿಡುವುದಿಲ್ಲ. ಒಬ್ಬನೇ ಮುತ್ಯಾನ ಕೆಟ್ಟ ಪ್ರತಿ ತಾಯಿಯಿಂದಲೂ ತಂದೆಯಿಂದಲೂ ಒಂದೇ ಮಗುವಿಗೆ ಇಳಿದಾಗ ರೋಗ ಹೊರಬೀಳುತ್ತದೆ.

“ಹಾಂಗಾದರ ಹೊರಗ ಕೊಡ್ತೀವಿ” ಎಂದಿರಾ? ನಿಮ್ಮ ಹೊರಗು ಅಂದರೆ ಆಳಂದದ ಅದೇ ಒಳಪಂಗಡ, ಜೇವರ್ಗಿಯ ಅದೇ ಬಳಗ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಮತ್ತಿತರರು 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿ ಹೇಳಿದ್ದೇನೆಂದರೆ, ಅವುಗಳಲ್ಲಿ 81 ಸಮುದಾಯಗಳ ಒಳರಕ್ತದ ಬಿಗಿ, ಈ ವಿಚಾರಕ್ಕೆ ಜಗತ್ತಿನಲ್ಲೇ ಹೆಸರಾದ ಫಿನ್ನಿಷ್ ಜನ ಮತ್ತು ಯುರೋಪಿನ ಯಹೂದಿಗಳಿಗಿಂತ ಹೆಚ್ಚು. ಸೋದರಮಾವನನ್ನು ಬಿಟ್ಟರೂ ಜಾತಿ ಬಿಡದಿದ್ದರೆ ಗಂಟು ಪೂರ್ತಿ ಬಿಚ್ಚುವುದಿಲ್ಲ. ವೈಶ್ಯ ಸಮುದಾಯದ ಕೆಲವರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಒಂದು ಸ್ನಾಯು ಸಡಿಲಿಕೆಯ ಮದ್ದು ದೇಹದಲ್ಲಿ ಬೇಗ ಕರಗದೆ ಉಸಿರಿಗೇ ತೊಂದರೆಯಾಗುವುದು ಇಂಥ ಒಳರಕ್ತದ ಫಲವೇ. ಅರಿವಳಿಕೆ ಕೊಡುವ ಡಾಕ್ಟರಿಗೆ ಒಂದು ಮಾತು ಮೊದಲೇ ಹೇಳಿದರೆ ಮುಗಿಯಿತು, ಬೇರೆ ಮದ್ದು ಇದೆ.

ಕಲ್ಯಾಣ ಇಲ್ಲಿಂದ ದೂರವಲ್ಲ. ಜಾತಿ ಮೀರಿ ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟದ್ದಕ್ಕೆ ಹನ್ನೆರಡನೇ ಶತಮಾನದಲ್ಲಿ ಆ ಊರು ರಕ್ತದಲ್ಲಿ ತೊಯ್ದಿತು. 2019ರಲ್ಲಿ ನಾವು ಇಡೀ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟುಕೊಂಡೆವು. ಹೆಸರಿಡುವುದು ಸಲೀಸು.

ಇನ್ನು ಪರೀಕ್ಷೆಯ ಮಾತಿಗೆ ಬರುತ್ತೇನೆ. ಥಲಸ್ಸೇಮಿಯಾ ಇರುವ ಮಗುವನ್ನು ನಮ್ಮ ದವಾಖಾನೆಗಳ ರಕ್ತನಿಧಿಯ ಮುಂದೆ ನೀವು ನೋಡಿರಬಹುದು. ಎರಡು-ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಏರಿಸಿದ ರಕ್ತದ ಕಬ್ಬಿಣ ಗುಂಡಿಗೆ, ಯಕೃತ್ತಿನಲ್ಲಿ ಕೂರುತ್ತದೆ, ಅದನ್ನು ತೆಗೆಯಲು ಮತ್ತೆ ಮಾತ್ರೆ. ಅಸ್ಥಿಮಜ್ಜೆ ಕಸಿ ಎಲ್ಲರ ಕೈಗೆ ಎಟಕುವುದಿಲ್ಲ. ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರದಷ್ಟು ಇಂಥ ಮಕ್ಕಳು ಹುಟ್ಟುತ್ತಾರೆಂದು ಅಂದಾಜು. ಅಪ್ಪ-ಅಮ್ಮ ಇಬ್ಬರೂ ಗಟ್ಟಿಮುಟ್ಟಾಗಿ ಇರುತ್ತಾರೆ. ಅವರು ವಾಹಕರು, ರೋಗಿಗಳಲ್ಲ. ವಾಹಕರಿಬ್ಬರು ಕೂಡಿದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ ಎಂದು ಲೆಕ್ಕ ಹಾಕುವವರು ಬಹಳ. ಆ ಲೆಕ್ಕ ತಪ್ಪು, ಪ್ರತಿ ಸಲವೂ ಚೀಟಿ ಹೊಸದಾಗಿ ಎತ್ತಿದ ಹಾಗೆ.

ಕುಡಗೋಲು ಕಣ (ಸಿಕಲ್ ಸೆಲ್) ರೋಗದ್ದೂ ಇದೇ ದಾರಿ. 2047ರ ಹೊತ್ತಿಗೆ ಅದನ್ನು ಇಲ್ಲವಾಗಿಸುತ್ತೇವೆಂದು 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಅಭಿಯಾನ ಶುರುಮಾಡಿತು. ಬುಡಕಟ್ಟು ಪ್ರದೇಶಗಳ ಏಳು ಕೋಟಿ ಜನರ ರಕ್ತ ಪರೀಕ್ಷೆಯ ಗುರಿ, ಮದುವೆಗೆ ಮುನ್ನ ಸಲಹೆ.

ವಾಹಕರೋ ಅಲ್ಲವೋ ಎಂದು ತಿಳಿಯಲು ಮಾಮೂಲಿ ರಕ್ತ ತಪಾಸಣೆ, ಅದರ ಮೇಲೆ ಎಚ್‌ಪಿಎಲ್‌ಸಿ ಎಂಬ ಇನ್ನೊಂದು ಪರೀಕ್ಷೆ ಸಾಕು. ಒಂದು ಎಚ್ಚರ ಮಾತ್ರ ಬೇಕು. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು ನಲವತ್ತೆಂಟು ಮಂದಿಗೆ ರಕ್ತಹೀನತೆ ಎಂದು ಅದೇ ಕುಟುಂಬ ಸಮೀಕ್ಷೆ ಹೇಳುತ್ತದೆ. ಕಬ್ಬಿಣದ ಕೊರತೆಯಲ್ಲೂ ರಕ್ತಕಣ ಸಣ್ಣದಾಗುತ್ತದೆ, ಥಲಸ್ಸೇಮಿಯಾ ವಾಹಕರಲ್ಲೂ ಸಣ್ಣದಾಗುತ್ತದೆ, ಕೊರತೆ ಜೋರಿದ್ದರೆ ಎಚ್‌ಪಿಎಲ್‌ಸಿಯೂ ಮೋಸ ಹೋಗಬಹುದು. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಯೂ ಬಿಳುಚಿಕೊಂಡೇ ಇರುವ ಹುಡುಗಿಗೆ “ಉಣ್ಣಂಗಿಲ್ಲ, ಅದಕ್ಕೇ ಹಿಂಗ” ಎನ್ನುವ ಬದಲು ಒಂದು ಸಲ ಈ ಪರೀಕ್ಷೆ ಮಾಡಿಸಿ.

ಫಲಿತಾಂಶ ಯಾರ ಕೈಗೆ ಎಂಬ ಪ್ರಶ್ನೆಗೆ ಒಂದು ಊರು, ಒಂದು ದ್ವೀಪ ಎರಡು ಉತ್ತರ ಕೊಟ್ಟಿವೆ. ಎರಡೂ ಗ್ರೀಕ್ ಮಾತಾಡುವ ಸೀಮೆಯವು.

ಮೊದಲನೆಯದು ಗ್ರೀಸಿನ ಒರ್ಖೊಮೆನೊಸ್. ಅಲ್ಲಿ ನಾಲ್ಕರಲ್ಲಿ ಒಬ್ಬರಷ್ಟು ಜನ ಕುಡಗೋಲು ಕಣದ ವಾಹಕರು. ವಿಜ್ಞಾನಿಗಳು ಊರಿಗೂರನ್ನೇ ಪರೀಕ್ಷಿಸಿದರು, ಯಾರು ಯಾರನ್ನು ಮದುವೆಯಾಗಬಾರದೆಂದು ಬಿಡಿಸಿ ಹೇಳಿದರು. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ವಾಹಕರು ವಾಹಕರನ್ನೇ ಮದುವೆಯಾದದ್ದು ಮೊದಲಿನಷ್ಟೇ ಇತ್ತು. ಬದಲಾಗಿದ್ದು ಒಂದೇ. ಆರೋಗ್ಯವಂತ ಹುಡುಗಿಯರಿಗೆ, ಹುಡುಗರಿಗೆ ಕಳಂಕ ಅಂಟಿತ್ತು, ಜನ ಪರೀಕ್ಷೆಯ ವಿಷಯವನ್ನೇ ಮುಚ್ಚಿಟ್ಟು ಸಂಬಂಧ ಕುದುರಿಸುತ್ತಿದ್ದರು. 1970ರ ದಶಕದಲ್ಲಿ ಪ್ರಕಟವಾದ ಈ ವರದಿಯನ್ನು ಓದುವಾಗ ನನಗೆ ನಮ್ಮ ಓಣಿಯೇ ಕಂಡಂತಾಯಿತು.

ಎರಡನೆಯದು ಸೈಪ್ರಸ್. ಏಳು ಜನರಲ್ಲಿ ಒಬ್ಬ ಥಲಸ್ಸೇಮಿಯಾ ವಾಹಕ. ಇಡೀ ದ್ವೀಪದ ರಕ್ತನಿಧಿ ಈ ಮಕ್ಕಳಿಗೇ ಸಾಲದಾಗುವ ದಿನ ಬರುತ್ತಿತ್ತು. 1980ರ ದಶಕದ ಆರಂಭದಲ್ಲಿ ಅಲ್ಲಿನ ಆರ್ಥೊಡಾಕ್ಸ್ ಚರ್ಚು ಒಂದು ನಿಯಮ ಮಾಡಿತು: ಮದುವೆಗೆ ಬರುವ ಜೋಡಿ ಒಂದು ಚೀಟಿ ತರಬೇಕು. ಇಬ್ಬರೂ ಪರೀಕ್ಷೆ ಮಾಡಿಸಿಕೊಂಡಿದ್ದಾರೆ, ಸಲಹೆ ಪಡೆದಿದ್ದಾರೆ ಎಂದಷ್ಟೇ ಅದರಲ್ಲಿ ಇರುತ್ತದೆ. ಫಲಿತಾಂಶ ಪಾದ್ರಿಗೂ ಗೊತ್ತಾಗುವುದಿಲ್ಲ, ಬೀಗರಿಗೂ ಇಲ್ಲ. ಇಬ್ಬರೂ ವಾಹಕರೆಂದು ತಿಳಿದ ಜೋಡಿಗಳಲ್ಲಿ ಹೆಚ್ಚಿನವು ಒಡೆಯಲಿಲ್ಲ, ಮದುವೆಯಾದವು. ಬಸಿರಿನ ಶುರುವಿನಲ್ಲೇ ಪರೀಕ್ಷಿಸಿ ಏನು ಮಾಡಬೇಕೆಂದು ತಾವೇ ತೀರ್ಮಾನಿಸಿಕೊಂಡವು. ಕೆಲವೇ ವರ್ಷಗಳಲ್ಲಿ ಹೊಸ ಥಲಸ್ಸೇಮಿಯಾ ಮಕ್ಕಳ ಹುಟ್ಟು ಸೊನ್ನೆಯ ಹತ್ತಿರ ಬಂತು.

ಬ್ರೂಕ್ಲಿನ್‌ನ ಯಹೂದಿ ಧರ್ಮಗುರು ಯೋಸೆಫ್ ಎಕ್‌ಸ್ಟೈನ್ ಹಿಡಿದದ್ದು ಇನ್ನೂ ಬಿಗಿಯಾದ ದಾರಿ. ಟೇ-ಸ್ಯಾಕ್ಸ್ ಎಂಬ ಇಂಥದೇ ವಂಶಪಾರಂಪರ್ಯ ರೋಗಕ್ಕೆ ನಾಲ್ಕು ಮಕ್ಕಳನ್ನು ಕಳೆದುಕೊಂಡ ಅವರು 1983ರಲ್ಲಿ ‘ದೋರ್ ಯೆಶೊರಿಂ’ ಎಂಬ ಸಂಸ್ಥೆ ಕಟ್ಟಿದರು. ಅಲ್ಲಿಯೂ ಮದುವೆ ಕೂಡಿಸುವವರು ಹಿರಿಯರೇ. ಹುಡುಗ-ಹುಡುಗಿಗೆ ಒಂದೊಂದು ಸಂಖ್ಯೆ. ಎರಡೂ ಸಂಖ್ಯೆ ಹೇಳಿ ಫೋನು ಮಾಡಿದರೆ ಕೂಡುತ್ತದೆ ಅಥವಾ ಕೂಡುವುದಿಲ್ಲ ಎಂದಷ್ಟೇ ಉತ್ತರ. ತಾನು ವಾಹಕ ಎಂಬುದು ವಾಹಕನಿಗೂ ತಿಳಿಯದು. ಕಳಂಕಕ್ಕೆ ಮದ್ದೇನೋ ಹೌದು. ಆದರೆ ಅವರವರ ರಕ್ತದ ಸಂಗತಿಯನ್ನು ಅವರಿಂದಲೇ ಮುಚ್ಚಿಡುವುದು ನನ್ನ ಮನಸ್ಸಿಗೆ ಒಗ್ಗದು. ನನ್ನ ಓಟು ಸೈಪ್ರಸ್ಸಿಗೆ.

ಕಳಂಕ ಎಷ್ಟು ಗಟ್ಟಿ ಎನ್ನಲು ಗ್ರೀಸಿಗೆ ಹೋಗಬೇಕಿಲ್ಲ. 1970ರ ದಶಕದ ನಡುವಿನಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ದಲಿತ ಕುಟುಂಬಗಳ ಜನರಿಗೆ ಸೊಂಟ, ಮೊಣಕಾಲಿನ ಕೀಲು ಸವೆದು ನಡೆಯಲಾಗದ ರೋಗ ಕಾಣಿಸಿತು. ವಂಶವಾಹಿಯಿಂದ ಇಳಿಯುವ ಎಲುಬಿನ ರೋಗ ಅದೆಂದು ತಿಳಿದುಬಂತು. ಬೇರೆ ಊರುಗಳಲ್ಲೂ ಇದ್ದ ಆ ರೋಗಕ್ಕೆ ಅಂಟಿದ್ದು ಮಾತ್ರ ಹಂದಿಗೋಡಿನ ಹೆಸರು. ಒಂದು ಊರಿನ ಹೆಸರೇ ರೋಗದ ಹೆಸರಾದರೆ ಆ ಊರಿನ ಹುಡುಗಿಗೆ ಗಂಡು ಹುಡುಕುವ ಕಷ್ಟ ನಿಮಗಿಂತ ಚೆನ್ನಾಗಿ ಬಲ್ಲವರು ಯಾರು?

ಈಗ ನಿಮ್ಮ ಪಡಸಾಲೆಯನ್ನೇ ಊಹಿಸಿಕೊಳ್ಳಿ. ಹುಡುಗಿಯ ವರದಿ ಬ್ರೋಕರನ ಕೈಯಲ್ಲಿದೆ. ವಾಹಕಿ. ಹುಡುಗನ ವರದಿ? ಯಾರೂ ಕೇಳಿಲ್ಲ, ಗಂಡಿನ ರಕ್ತ ಪರೀಕ್ಷೆ ಮಾಡಿಸುವುದು ಮರ್ಯಾದೆಯ ಪ್ರಶ್ನೆ. ಹುಡುಗ ವಾಹಕನಲ್ಲದಿದ್ದರೆ ಮಗುವಿಗೆ ಆ ರೋಗ ಬರುವುದೇ ಇಲ್ಲ, ಆದರೆ ಆ ಮಾತು ಹೇಳುವುದರೊಳಗೆ ಜೀಪು ಹೊರಟುಹೋಗಿರುತ್ತದೆ. ಇಲ್ಲವೇ ವರದಕ್ಷಿಣೆಗೆ ಇನ್ನೆರಡು ತೊಲೆ ಸೇರಿರುತ್ತದೆ. ಫಲಿತಾಂಶ ನಿಮ್ಮ ಕೈಗೆ ಹೋಗಬಾರದು ಎನ್ನುವುದು ಅದಕ್ಕೇ. ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ, ತಕ್ಕಡಿಯ ಬಗ್ಗೆ ಇದೆ.

ಆ ತಕ್ಕಡಿ ಯಾವ ಕಡೆ ವಾಲುತ್ತದೆ ಎನ್ನುವುದಕ್ಕೆ ಸಾಕ್ಷಿ ಹಳೆಯದಲ್ಲ. ಗರ್ಭದ ತಪಾಸಣೆಯನ್ನು ರೋಗ ಪತ್ತೆಗೆ ಮಾತ್ರ ಬಳಸಬೇಕು, ಲಿಂಗ ಹೇಳಬಾರದು ಎಂದು 1994ರಲ್ಲೇ ಕಾನೂನು ಬಂತು. ವರ್ಣತಂತುಗಳ ದೋಷ, ರಕ್ತದ ವಂಶಪಾರಂಪರ್ಯ ರೋಗ, ಹುಟ್ಟುದೋಷ ಎಂದು ಅದರಲ್ಲಿ ಪಟ್ಟಿಯೇ ಇದೆ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2001ರಲ್ಲಿ 946, 2011ರಲ್ಲಿ 948. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಿಚ್ಚಿದ ಜಾಲ ನೆನಪಿರಬೇಕು. ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ, ಮೈಸೂರಿನಲ್ಲಿ ಗರ್ಭಪಾತ, ಎರಡು-ಮೂರು ವರ್ಷಗಳಲ್ಲಿ ಸುಮಾರು 900 ಭ್ರೂಣಗಳು ಎಂದು ತನಿಖೆಯ ವೇಳೆ ಸುದ್ದಿಯಾಯಿತು. ಸಕ್ಕರೆ ಜಿಲ್ಲೆಯ ಕಥೆ, ನಮ್ಮದಲ್ಲ ಎನ್ನಬೇಡಿ. ಆ ಯಂತ್ರದ ಮುಂದೆ ಬಸುರಿಯನ್ನು ಕರೆತಂದವರು ಯಾವ ಜಿಲ್ಲೆಯಲ್ಲೂ ಇರುವಂಥವರೇ: ಗಂಡ, ಅತ್ತೆ, ಮಾವ. ಯಂತ್ರಕ್ಕೆ ಮಗುವಿನ ಗುಂಡಿಗೆಯೂ ಕಾಣುತ್ತಿತ್ತು, ಬೆನ್ನೆಲುಬೂ ಕಾಣುತ್ತಿತ್ತು. ಯಾರೂ ಅದನ್ನು ಕೇಳಲಿಲ್ಲ.

ಮುಂದಿನ ಯಂತ್ರ ಇನ್ನೂ ಚುರುಕು. ಕಲಬುರಗಿಯಲ್ಲೂ ಐವಿಎಫ್ ಕೇಂದ್ರಗಳ ಬೋರ್ಡುಗಳು ಎದ್ದಿವೆ. ತಾಯಿಯ ಗರ್ಭದ ಹೊರಗೆ ಬೆಳೆಸಿದ ಐದು ದಿನದ ಭ್ರೂಣದಿಂದ ಕೆಲವೇ ಕೋಶ ತೆಗೆದು ಅದರ ವಂಶವಾಹಿ ಓದಬಹುದು. ಇಬ್ಬರೂ ಥಲಸ್ಸೇಮಿಯಾ ವಾಹಕರಾದ ದಂಪತಿಗೆ ಇದು ದೊಡ್ಡ ಅನುಕೂಲ, ಬಸಿರಾದ ಮೇಲೆ ತೆಗೆಸುವ ಸಂಕಟ ತಪ್ಪುತ್ತದೆ. ಲಕ್ಷಗಟ್ಟಲೆ ಖರ್ಚು, ಅದು ಬೇರೆ ಮಾತು. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಗೊತ್ತಿರುವ ವಂಶಪಾರಂಪರ್ಯ ರೋಗಗಳಿಗೆ ಇದನ್ನು ಒಪ್ಪುತ್ತದೆ. ಗಂಡು ಬೇಕು ಎಂದು ಆರಿಸಲು ಬಿಡುವುದಿಲ್ಲ, ಅಂಥ ಸೇವೆಗೆ ಜಾಹೀರಾತು ಕೊಟ್ಟರೂ ಐದರಿಂದ ಹತ್ತು ವರ್ಷ ಜೈಲು, ಇಲ್ಲವೇ ಹತ್ತರಿಂದ ಇಪ್ಪತ್ತೈದು ಲಕ್ಷ ದಂಡ, ಇಲ್ಲವೇ ಎರಡೂ.

ಅಮೆರಿಕದಲ್ಲಿ ಅಂಥ ತಡೆ ಇಲ್ಲ. ಅಲ್ಲಿನ ಕೆಲವು ಕಂಪನಿಗಳು ಭ್ರೂಣದ ಎತ್ತರ, ಬುದ್ಧಿಮತ್ತೆಯ ಅಂದಾಜನ್ನೂ ಮಾರತೊಡಗಿವೆ. ನಿಮ್ಮ ಮಗ-ಸೊಸೆ ಅಲ್ಲಿಂದ ಫೋನು ಮಾಡಿ “ಯಾವ ಭ್ರೂಣ ಇಡಿಸೋಣ?” ಎಂದು ಕೇಳುವ ದಿನ ದೂರವಿಲ್ಲ. ಆಗ ಒಂದು ಲೆಕ್ಕ ನೆನಪಿಡಿ. 2019ರಲ್ಲಿ ವಿಜ್ಞಾನಿಗಳು ಹತ್ತು ಭ್ರೂಣಗಳಲ್ಲಿ ಅತ್ಯುತ್ತಮವನ್ನು ಆರಿಸಿದರೆ ಎಷ್ಟು ಲಾಭ ಎಂದು ಗುಣಿಸಿ ನೋಡಿದರು. ಎತ್ತರದಲ್ಲಿ ಎರಡೂವರೆ ಸೆಂಟಿಮೀಟರ್, ಬುದ್ಧಿಮತ್ತೆಯಲ್ಲಿ ಎರಡೂವರೆ ಅಂಕ, ಅದೂ ಸರಾಸರಿಯಲ್ಲಿ. ಈ ಲೆಕ್ಕಗಳು ನಿಂತಿರುವುದು ಬಹುಪಾಲು ಯುರೋಪ್ ಮೂಲದ ಜನರ ರಕ್ತದ ಮೇಲೆ, ನಮ್ಮವರಿಗೆ ಹಚ್ಚಿದರೆ ಇನ್ನೂ ಸೊರಗುತ್ತವೆ. ಸಾಲಿಗೆ ನಿತ್ಯ ಬರುವ ಒಬ್ಬ ಒಳ್ಳೆ ಮಾಸ್ತರ ಇದಕ್ಕಿಂತ ಹೆಚ್ಚು ಕೊಡುತ್ತಾನೆ. ಇದನ್ನು ಮಾಸ್ತರನಾಗಿದ್ದವನ ಜಂಬ ಎಂದುಕೊಂಡರೂ ಅಡ್ಡಿಯಿಲ್ಲ.

ವಂಶವಾಹಿಯನ್ನೇ ತಿದ್ದುವ ಕೆಲಸಕ್ಕೆ 2018ರ ನವೆಂಬರಿನಲ್ಲಿ ಚೀನಾದ ಹೆ ಜಿಯಾನ್‌ಕುಯಿ ಕೈಹಾಕಿದ. ಎಚ್‌ಐವಿ ತಗುಲದಂತೆ ಭ್ರೂಣ ತಿದ್ದಿದ್ದೇನೆ, ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಸಾರಿದ. ಜಗತ್ತು ಬೆಚ್ಚಿತು. ಮರುವರ್ಷ ಅವನಿಗೆ ಮೂರು ವರ್ಷ ಜೈಲಾಯಿತು. ತಿದ್ದಿದ ವಂಶವಾಹಿ ಆ ಮಕ್ಕಳ ಮಕ್ಕಳಿಗೂ ಇಳಿಯುತ್ತದೆ. ಭಾರತದಲ್ಲಿಯೂ ತಿದ್ದಿದ ಭ್ರೂಣವನ್ನು ಗರ್ಭದಲ್ಲಿ ಇಡುವುದಕ್ಕೆ ಐಸಿಎಂಆರ್‌ನ 2017ರ ಮಾರ್ಗಸೂಚಿಯ ತಡೆ ಇದೆ.

ಒಂದೇ ಥರದ ಮಕ್ಕಳು ಯಾಕೆ ಬೇಡ ಎಂದು ಕಮಲಾಪುರದವರಿಗೆ ನಾನು ಹೇಳಬೇಕಿಲ್ಲ. ಹೆದ್ದಾರಿಯ ಮಗ್ಗುಲಲ್ಲಿ ನೀವು ಮಾರುವ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ರುಚಿಗೆ ಸಾಟಿ ಇಲ್ಲ. ಆದರೆ ಅದಕ್ಕೆ ಬೀಜವಿಲ್ಲ. ತೋಟವೆಲ್ಲ ಒಂದೇ ತಾಯಿಯ ಕಂದುಗಳು. ಸೊರಗು ರೋಗ ಒಂದಕ್ಕೆ ಹತ್ತಿದರೆ ಎಲ್ಲಕ್ಕೂ ಹತ್ತುವುದೆಂದು ಬೆಳೆಗಾರನಿಗೆ ಗೊತ್ತು. ಅಮೆರಿಕ ಖಂಡದ ಬಾಳೆ ವ್ಯಾಪಾರವನ್ನೆಲ್ಲ ಆಳುತ್ತಿದ್ದ ಗ್ರೋ ಮಿಶೆಲ್ ತಳಿ 1950ರ ದಶಕದ ಹೊತ್ತಿಗೆ ಹೀಗೇ ನೆಲಕಚ್ಚಿತು.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮಲ್ಲೊಬ್ಬರು ಕೇಳಬಹುದು, ಈ ರೋಗಗಳನ್ನು ಹೊತ್ತು ಆಗಲೇ ಹುಟ್ಟಿರುವ ಮಕ್ಕಳ ಗತಿ ಏನು ಎಂದು. ಪರೀಕ್ಷೆ ಬಂದ ಊರಲ್ಲಿ “ಮೊದಲೇ ಪರೀಕ್ಷೆ ಮಾಡಿಸಬಾರದಿತ್ತಾ?” ಎಂಬ ಮಾತು ಅವರ ತಾಯಿಯ ಕಿವಿಗೆ ಬೀಳುತ್ತದೆ. ಅದನ್ನು ಆಡುವ ಬಾಯಿ ನಿಮ್ಮ ಬೀದಿಯದಾದರೆ ತಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಥಲಸ್ಸೇಮಿಯಾ, ಹೀಮೊಫೀಲಿಯಾ, ಕುಡಗೋಲು ಕಣ ರೋಗಗಳೂ ಸೇರಿವೆ. ಆ ಮಕ್ಕಳಿಗೆ ಪ್ರಮಾಣಪತ್ರ ಮಾಡಿಸಿಕೊಡಲು ದವಾಖಾನೆಗೆ ಓಡಾಡುವ ಒಬ್ಬ ಹಿರಿಯ, ಬೇಸಿಗೆಯಲ್ಲಿ ರಕ್ತ ಕೊಡುವ ನಾಲ್ಕು ಹುಡುಗರು, ಇಷ್ಟು ಪ್ರತಿ ಓಣಿಯಲ್ಲೂ ಇರಬೇಕು.

ಇಬ್ಬರೂ ವಾಹಕರೆಂದು ಗೊತ್ತಾದ ಜೋಡಿ ಏನು ಮಾಡಬೇಕು? ಬೇರೆಯಾಗಬಹುದು. ಮದುವೆಯಾಗಿ, ಬಸಿರಿನ ಹತ್ತು-ಹನ್ನೆರಡನೇ ವಾರದಲ್ಲಿ ಪರೀಕ್ಷಿಸಬಹುದು. ಐವಿಎಫ್‌ಗೆ ಹೋಗಬಹುದು, ದತ್ತು ತೆಗೆದುಕೊಳ್ಳಬಹುದು, ಎಲ್ಲ ತಿಳಿದೂ ಬಂದ ಮಗುವನ್ನು ಸಾಕುತ್ತೇವೆ ಎನ್ನಬಹುದು. ಯಾವುದು ಸರಿ ಎಂದು ನಾನು ಹೇಳುವುದಿಲ್ಲ. ನೀವೂ ಹೇಳಬೇಡಿ.

ಖರ್ಚಿನ ಮಾತು ಉಳಿಯಿತು. ಒಬ್ಬರ ಪರೀಕ್ಷೆಗೆ ಖಾಸಗಿ ಲ್ಯಾಬಿನಲ್ಲಿ ಸಾವಿರದ ಆಸುಪಾಸು, ನಿಮ್ಮ ಮೆರವಣಿಗೆಯ ಡಿಜೆಗೆ ಅದರ ಎಷ್ಟೋ ಪಟ್ಟು. ಕಲಬುರಗಿಯಲ್ಲಿ ಜಿಮ್ಸ್ ಇದೆ, ಇಎಸ್‌ಐಸಿ ಇದೆ, ಎಂ.ಆರ್. ಮೆಡಿಕಲ್ ಕಾಲೇಜು ಇದೆ, ಕೆಬಿಎನ್ ಇದೆ. ಸಾಮೂಹಿಕ ಮದುವೆ ಮಾಡಿಸುವ ಮಠಗಳು, ಜಮಾತುಗಳು, ತಾಂಡಾದ ನಾಯಕರು, ಸಂಘದವರು ಕೂಡಿ ಕೇಳಿದರೆ ಹೆಸರು ಬರೆಸುವ ದಿನವೇ ಕಮಲಾಪುರದಲ್ಲಿ ಒಂದು ಶಿಬಿರ ಇಡಿಸುವುದು ಕಷ್ಟವಲ್ಲ. ರಕ್ತ ಕೊಡುವಾಗ ಗಂಡು ಮೊದಲು ತೋಳು ಚಾಚಲಿ. ವರದಿ ಮುಚ್ಚಿದ ಲಕೋಟೆಯಲ್ಲಿ ಹುಡುಗ-ಹುಡುಗಿಯ ಕೈಗೇ ಹೋಗಲಿ, ಅದನ್ನು ಬಿಡಿಸಿ ಹೇಳಲು ಒಬ್ಬ ಡಾಕ್ಟರು ಅರ್ಧ ಗಂಟೆ ಕೂರಲಿ. ಅಕ್ಷತೆಗೆ ಮುಂಚೆ ವಾರವಲ್ಲ, ನಿಶ್ಚಯಕ್ಕೆ ಮುಂಚೆ. ಕಾರ್ಡು ಹಂಚಿದ ಮೇಲೆ ಸತ್ಯ ಹೇಳುವ ಧೈರ್ಯ ಯಾವ ಹುಡುಗಿಗೂ ಇರುವುದಿಲ್ಲ.

ನಿಮ್ಮ ಅರ್ಜಿ ನಮೂನೆಯಲ್ಲಿ ಈಗಾಗಲೇ ವಯಸ್ಸು, ಆಧಾರ್, ಜಾತಿ, ಊರು ಇವೆ. ಮುಂದಿನ ಹಂಗಾಮಿನದು ಅಚ್ಚಿಗೆ ಹೋಗುವ ಮೊದಲು ಒಂದು ಸಾಲು ಸೇರಿಸಿ: “ವಧು, ವರ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿ ವೈದ್ಯರ ಸಲಹೆ ಪಡೆದಿದ್ದಾರೆ — ಹೌದು / ಇಲ್ಲ.” ಫಲಿತಾಂಶ ಬರೆಯಲು ಅದರ ಕೆಳಗೆ ಜಾಗ ಬಿಡಬೇಡಿ.

ಇಂತಿ,
ನಿಮ್ಮವನೇ ಒಬ್ಬ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ
ಕಲಬುರಗಿ